ಎಳೆಯ ನಗರದಲ್ಲಿ ಇತಿಹಾಸದ ಹುಡುಕಾಟ

ಪಾರಂಪರಿಕ ತಾಣವೆಂದೊಡನೆ ನಮ್ಮ ಕಣ್ಮುಂದೆ ನಿಲ್ಲುವುದು ಹಂಪೆಯ ಮಂಟಪಗಳು, ಬಾದಾಮಿಯ ಗುಹೆಗಳು. ಪ್ರಾಚೀನವಾದುದೇ ಪವಿತ್ರವೆಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಆದುದರಿಂದಲೇ ರಜೆಯಲ್ಲಿ ಶಿಮ್ಲಾಕ್ಕೆ ಹೊರಡುವ ನಮ್ಮ ಕುಟುಂಬಗಳು ಚಂಡೀಗಢವನ್ನು ಬಸ್ಸು ಬದಲಿಸುವ ಊರೆಂದಷ್ಟೇ ಕಾಣುತ್ತವೆ. ಎಪ್ಪತ್ತು ವರ್ಷ ದಾಟಿದ ನಗರದಲ್ಲಿ ನೋಡತಕ್ಕ ಇತಿಹಾಸವಾದರೂ ಏನಿದ್ದೀತು?

ಆ ನಗರ ಹುಟ್ಟಿದ್ದೇ ಒಂದು ಗಾಯದಿಂದ. 1947ರ ವಿಭಜನೆಯಲ್ಲಿ ಲಾಹೋರ್ ಪಾಕಿಸ್ತಾನದ ಪಾಲಾದಾಗ ಭಾರತದ ಪಂಜಾಬಿಗೆ ರಾಜಧಾನಿಯೇ ಇಲ್ಲವಾಯಿತು. ಶಿವಾಲಿಕ್ ಬೆಟ್ಟಗಳ ತಪ್ಪಲಲ್ಲಿ ಹೊಸ ನಗರವನ್ನು ರೂಪಿಸುವ ಹೊಣೆಯನ್ನು 1951ರಲ್ಲಿ ವಾಸ್ತುಶಿಲ್ಪಿ ಲೆ ಕಾರ್ಬೂಸಿಯರ್ ವಹಿಸಿಕೊಂಡರು. 1953ರಲ್ಲಿ ರಾಷ್ಟ್ರಪತಿ ರಾಜೇಂದ್ರ ಪ್ರಸಾದರು ಅದನ್ನು ಉದ್ಘಾಟಿಸಿದರು.

ಉಚ್ಚ ನ್ಯಾಯಾಲಯ, ಸಚಿವಾಲಯ ಹಾಗೂ ವಿಧಾನಸಭೆಗಳನ್ನೊಳಗೊಂಡ ಕ್ಯಾಪಿಟಲ್ ಸಂಕೀರ್ಣವನ್ನು 2016ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಗಿಲಾವು ಕಾಣದ ಆ ಕಾಂಕ್ರೀಟ್ ಗೋಡೆಗಳು ಮೊದಲ ನೋಟಕ್ಕೆ ಒರಟೆನಿಸುತ್ತವೆ. ಅಲ್ಲೇ ಬಯಲಿನಲ್ಲಿ 26 ಮೀಟರ್ ಎತ್ತರದ 'ತೆರೆದ ಹಸ್ತ' ಗಾಳಿ ಬೀಸಿದತ್ತ ತಿರುಗುತ್ತದೆ. ಕೊಡುವುದಕ್ಕೂ ಸ್ವೀಕರಿಸುವುದಕ್ಕೂ ತೆರೆದ ಕೈ ಅದು. ಶಿಲ್ಪಿ 1965ರಲ್ಲಿ ತೀರಿಕೊಂಡರು. ಅವರ ಈ ಕನಸು ನೆಲೆಗೊಂಡದ್ದು ಇಪ್ಪತ್ತು ವರ್ಷಗಳ ತರುವಾಯ, 1985ರಲ್ಲಿ.

ಆದರೆ ಈ ನಗರ ಬರಿಯ ಬಯಲಿನ ಮೇಲೆ ಎದ್ದುದಲ್ಲ. ಅಲ್ಲಿ ಹಳ್ಳಿಗಳಿದ್ದವು, ಮಾವಿನ ತೋಪುಗಳಿದ್ದವು. ಹಳ್ಳಿಗಳನ್ನು ಕೆಡವಿದಾಗ ಉಳಿದ ಒಡಕು ಹೆಂಚು, ಮಡಕೆ, ಬಳೆಚೂರುಗಳನ್ನು ಒಬ್ಬಾತ ಆಯ್ದು ತಂದ. ಆತ ಲೋಕೋಪಯೋಗಿ ಇಲಾಖೆಯ ರಸ್ತೆ ತನಿಖಾಧಿಕಾರಿ ನೇಕ್ ಚಂದ್. ವಿಭಜನೆಯಲ್ಲಿ ಸ್ವಂತ ಹಳ್ಳಿಯನ್ನೇ ಕಳೆದುಕೊಂಡು ಬಂದವರು. ಕಟ್ಟಡ ಕಟ್ಟಬಾರದ ಕಾಡಿನಂಚಿನಲ್ಲಿ ವರ್ಷಗಟ್ಟಲೆ ಗುಟ್ಟಾಗಿ ದುಡಿದು ಅವರು ಆ ಚೂರುಗಳಿಂದ ಮನುಷ್ಯರನ್ನೂ ಪ್ರಾಣಿಪಕ್ಷಿಗಳನ್ನೂ ಸೃಷ್ಟಿಸಿದರು. ಸಂಗತಿ ಬಯಲಾದಾಗ ಕೆಡವುವ ಮಾತೂ ಬಂದಿತು. ಜನ ಬೆಂಬಲಕ್ಕೆ ನಿಂತರು. 1976ರಲ್ಲಿ ಅದು 'ರಾಕ್ ಗಾರ್ಡನ್' ಆಗಿ ಸಾರ್ವಜನಿಕರಿಗೆ ತೆರೆಯಿತು.

ಭೂತಕಾಲವು ಎಲ್ಲಿಯಾದರೂ ಇದ್ದರೆ ಅದು ವರ್ತಮಾನದಲ್ಲಿ, ನೆನಪಾಗಿ ಇದೆಯೆಂದು ಸಂತ ಅಗಸ್ಟೀನರು ವಿವೇಚಿಸಿದ್ದಾರೆ. ಹಾಗಾದರೆ ಪರಂಪರೆಯ ಅಳತೆಗೋಲು ವಯಸ್ಸಲ್ಲ, ಸ್ಮರಣೆ. ಸ್ಮರಣೆ ತಪ್ಪಿದಲ್ಲಿ ಏನಾಗುತ್ತದೆಂಬುದಕ್ಕೂ ಚಂಡೀಗಢವೇ ಸಾಕ್ಷಿ. ಅಲ್ಲಿನ ಕಚೇರಿಗಳಿಗೆಂದು ಪಿಯರ್ ಜಾನೆರೆ ಮತ್ತು ಸಂಗಡಿಗರು ರೂಪಿಸಿದ ಮರದ ಕುರ್ಚಿಗಳು ಗುಜರಿಯ ಬೆಲೆಗೆ ಮಾರಾಟವಾಗಿ ವಿದೇಶದ ಹರಾಜುಗಳಲ್ಲಿ ಲಕ್ಷಗಟ್ಟಲೆ ಬೆಲೆ ಪಡೆದವು. 2011ರಲ್ಲಿ ಕೇಂದ್ರ ಗೃಹ ಸಚಿವಾಲಯ ಅವುಗಳ ಮಾರಾಟಕ್ಕೆ ತಡೆಯೊಡ್ಡುವ ಹೊತ್ತಿಗೆ ಎಷ್ಟೋ ಕೈಬಿಟ್ಟಿದ್ದವು. ನೂರು ವರ್ಷವಾಗಲಿ, ಆಮೇಲೆ ಕಾಪಾಡೋಣ ಎನ್ನುವವರಿಗೆ ನೂರನೆಯ ವರ್ಷದಲ್ಲಿ ಕಾಪಾಡಲು ಏನೂ ಉಳಿದಿರದು.

ಪ್ರಿಯ ಓದುಗರೇ, ಮಕ್ಕಳೊಡನೆ ಅತ್ತ ಹೋಗುವಿರಾದರೆ ಒಂದು ದಿನವಾದರೂ ಅಲ್ಲಿ ತಂಗಿರಿ. ಮೊದಲು ಕ್ಯಾಪಿಟಲ್ ಸಂಕೀರ್ಣ, ಅನಂತರ ಸಮೀಪದಲ್ಲೇ ಇರುವ ರಾಕ್ ಗಾರ್ಡನ್ — ಎರಡನ್ನೂ ತೋರಿಸಿರಿ. ಕಟ್ಟಿದವರ ಕನಸು ಒಂದರಲ್ಲಿ, ಜಾಗ ತೆರವು ಮಾಡಿದವರ ಬಾಳಿನ ಚೂರುಗಳು ಇನ್ನೊಂದರಲ್ಲಿ. ಎರಡೂ ಕೂಡಿದಾಗಲೇ ನಗರದ ಇತಿಹಾಸ ಪೂರ್ಣ. ಹಿಂದಿರುಗಿದ ಮೇಲೆ, ನಾವು ವಾಸಿಸುವ ಹೊಸ ಬಡಾವಣೆಯ ಜಾಗದಲ್ಲಿ ಮೊದಲು ಯಾರ ಗದ್ದೆಯಿತ್ತು, ಯಾರ ಮನೆಯಿತ್ತು ಎಂದು ನೆರೆಯ ಹಿರಿಯರನ್ನು ಕೇಳಿ ತಿಳಿಯುವುದೂ ಒಂದು ಯಾತ್ರೆಯೇ ಸರಿ. ಹೇಳಬಲ್ಲವರು ಇರುವಾಗಲೇ ಅದನ್ನು ಕೈಗೊಳ್ಳೋಣ.