ಮುತ್ತಿನಿಂದ ಪ್ರಮಾಣಪತ್ರದವರೆಗೆ: ಜೋಗಪ್ಪ ಪರಂಪರೆ ಮತ್ತು ಕಾನೂನಿನ ಸಮಾನತೆ

ಎಲ್ಲಮ್ಮನ ಆರಾಧನೆಯನ್ನು ಕುರಿತ ಜಾನಪದ ಅಧ್ಯಯನಗಳು ಜೋಗಪ್ಪಗಳನ್ನು ಬಹುಮಟ್ಟಿಗೆ ಚೌಡಿಕೆ ಪದ, ಕುಣಿತ ಹಾಗೂ ಆಚರಣೆಗಳ ನೆಲೆಯಲ್ಲಿ ಗುರುತಿಸಿವೆ. ಅವರು ಪ್ರಜೆಗಳೂ ಹೌದೆಂಬ ಸಂಗತಿ ಅಲ್ಲಿ ಹಿಂದೆ ಸರಿದಿದೆ. ಗಂಡಾಗಿ ಹುಟ್ಟಿ ಹೆಣ್ಣಾಗಿ ಬದುಕಲು ಹೊರಟವರಿಗೆ ಹಿರಿಯ ಜೋಗತಿಯೊಬ್ಬರು ಮುತ್ತು ಕಟ್ಟುತ್ತಾರೆ. ಸೀರೆ, ಬಳೆ, ಕುಂಕುಮದೊಡನೆ ಜೋಗ ಬೇಡುವ ಅಧಿಕಾರವೂ ಒದಗುತ್ತದೆ. ದೇವಿಯ ಹೆಸರಿನ ಈ ಮನ್ನಣೆ ಊರಿನಲ್ಲಿ ನಡೆಯುತ್ತದೆ. ಪಡಿತರ ಚೀಟಿ, ನೌಕರಿಯ ಅರ್ಜಿಗಳ ಮುಂದೆ ನಡೆಯುತ್ತಿರಲಿಲ್ಲ. ಸವದತ್ತಿಯಿಂದ ದೂರದ ತೆಂಗಿನ ಸೀಮೆಯಲ್ಲಿ, ತಿಪಟೂರು ತಾಲ್ಲೂಕಿನ ನೊಣವಿನಕೆರೆಯಂತಹ ಊರಿನಲ್ಲಿ ಹುಟ್ಟಿದವರಿಗೆ ಆ ಆಸರೆಯೂ ಸನಿಹದ್ದಲ್ಲ.

ಪ್ರಭುತ್ವ ಇವರನ್ನು ಮೊದಲು ಕಂಡದ್ದು ಅನುಮಾನದಿಂದ. 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆಯ ಎರಡನೆಯ ಭಾಗ ಇಂತಹವರ ಹೆಸರು, ವಾಸಸ್ಥಳಗಳನ್ನು ದಾಖಲಿಸುವ ಪುಸ್ತಕವನ್ನು ಕಲ್ಪಿಸಿತ್ತು. ಸ್ವತಂತ್ರ ಭಾರತ ಆ ಕಾಯ್ದೆಯನ್ನು ಕೈಬಿಟ್ಟ ಮೇಲೂ, 2011ರಲ್ಲಿ ಕರ್ನಾಟಕ ಪೊಲೀಸ್ ಕಾಯ್ದೆಗೆ ಸೇರಿದ 36ಎ ಕಲಮಿನಲ್ಲಿ ಅದೇ ಕಲ್ಪನೆ ಮರಳಿತೆಂಬುದು ವಿಷಾದದ ಸಂಗತಿ. ನ್ಯಾಯಾಲಯದಲ್ಲಿ ಪ್ರಶ್ನಿಸಿದ ಬಳಿಕ, 2016ರ ತಿದ್ದುಪಡಿಯು ‘ನಪುಂಸಕ’ ಎಂಬರ್ಥದ ಪದದ ಸ್ಥಾನದಲ್ಲಿ ‘ವ್ಯಕ್ತಿ’ ಎಂಬುದನ್ನು ಇರಿಸಿತು.

ತಮ್ಮ ಲಿಂಗತ್ವವನ್ನು ತಾವೇ ನಿರ್ಧರಿಸುವ ಹಕ್ಕನ್ನು ಸರ್ವೋಚ್ಚ ನ್ಯಾಯಾಲಯ 2014ರ ಏಪ್ರಿಲ್ 15ರಂದು ಎತ್ತಿಹಿಡಿಯಿತು. ರಾಜ್ಯವು 2017ರಲ್ಲಿ ಲಿಂಗತ್ವ ಅಲ್ಪಸಂಖ್ಯಾತರ ನೀತಿಯನ್ನು ಅಂಗೀಕರಿಸಿತು. 2019ರ ಕೇಂದ್ರ ಕಾಯ್ದೆಯ ವ್ಯಾಖ್ಯೆಯಲ್ಲಿ ಕಿನ್ನರ, ಹಿಜ್ರಾ, ಅರವಾಣಿಗಳೊಂದಿಗೆ ‘ಜೋಗ್ತಾ’ ಎಂಬುದೂ ಸೇರಿತು. ಎಲ್ಲಮ್ಮನ ಗುಡ್ಡದ ಮಾತೊಂದು ಸಂಸತ್ತಿನ ಶಾಸನದೊಳಗೆ ಬಂದದ್ದು ಜಾನಪದ ವಿದ್ವಾಂಸರು ಗಮನಿಸಬೇಕಾದ ಘಟನೆ. ಅದೇ ವರ್ಷ ಜೋಗತಿ ಮಂಜಮ್ಮನವರು ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು.

ಹೆಚ್ಚು ದೂರ ಹೋದದ್ದು 2021ರ ಜುಲೈ ತಿಂಗಳ ಕ್ರಮ. ಸಂಗಮ ಸಂಸ್ಥೆ ಉಚ್ಚ ನ್ಯಾಯಾಲಯದಲ್ಲಿ ಹೂಡಿದ ಮೊಕದ್ದಮೆಯ ಫಲವಾಗಿ 1977ರ ನೇಮಕಾತಿ ನಿಯಮಗಳನ್ನು ತಿದ್ದಿ, ಪ್ರತಿಯೊಂದು ಪ್ರವರ್ಗದೊಳಗೂ ಶೇಕಡ 1ರಷ್ಟು ಹುದ್ದೆಗಳನ್ನು ಮೀಸಲಿಡಲಾಯಿತು. ಪರಿಶಿಷ್ಟ ಜಾತಿಯ ಜೋಗಪ್ಪ ತಮ್ಮ ಜಾತಿಯ ಮೀಸಲಾತಿಯನ್ನು ಕಳೆದುಕೊಳ್ಳದೆ ಇದನ್ನು ಪಡೆಯಬಹುದಾಯಿತು. ದೇಶದಲ್ಲಿ ಇದನ್ನು ಮೊದಲು ಮಾಡಿದ ರಾಜ್ಯ ಕರ್ನಾಟಕ. ಸಲಿಂಗ ದಂಪತಿಗಳ ಪಾಲಿಗೆ ನಡಿಗೆ ಇಷ್ಟು ಸಾಗಲಿಲ್ಲ: 2018ರಲ್ಲಿ ಅಪರಾಧದ ಹಣೆಪಟ್ಟಿ ಕಳಚಿತು, 2023ರಲ್ಲಿ ವಿವಾಹದ ಹಕ್ಕು ದೊರೆಯಲಿಲ್ಲ.

2019ರ ಕಾಯ್ದೆಯಂತೆ ಗುರುತಿನ ಪ್ರಮಾಣಪತ್ರ ಕೊಡುವ ಹೊಣೆ ಜಿಲ್ಲಾ ದಂಡಾಧಿಕಾರಿಗೆ ಬಂದಿತು. ನೊಣವಿನಕೆರೆಯವರಿಗೆ ಅದು ತುಮಕೂರು. ಕೋರಿದ್ದು ‘ಹೆಣ್ಣು’ ಅಥವಾ ‘ಗಂಡು’ ಎಂಬ ನಮೂದಾಗಿದ್ದರೆ ಶಸ್ತ್ರಚಿಕಿತ್ಸೆಯ ಬಗೆಗೆ ವೈದ್ಯಾಧಿಕಾರಿಯ ಪತ್ರವನ್ನೂ ಕಾಯ್ದೆ ಕೇಳಿತು. ಮುತ್ತು ಕಟ್ಟುವ ಜೋಗತಿ ಅಂತಹ ಪತ್ರವನ್ನು ಕೇಳಿದವಳಲ್ಲ.