ಚರ್ಚಿಗೆ ಗಾಲಿ ಕಟ್ಟಿದವರು

ಊರಿಗೆ ಊರೇ ಬಸ್ಸು ಹತ್ತುವುದನ್ನು ಬಿಟ್ಟಿತು. ಒಂದು ದಿನವಲ್ಲ, ಒಂದು ವಾರವಲ್ಲ, ಬರೋಬ್ಬರಿ 381 ದಿನ! ಅಮೆರಿಕದ ಅಲಬಾಮಾ ರಾಜ್ಯದ ಮಾಂಟ್ಗೊಮರಿಯಲ್ಲಿ ಬಸ್ಸಿನಲ್ಲಿ ಬಿಳಿಯನಿಗೆ ಸೀಟು ಬಿಟ್ಟುಕೊಡಲು ಒಲ್ಲೆನೆಂದ ಕಪ್ಪು ಮಹಿಳೆ ರೋಸಾ ಪಾರ್ಕ್ಸ್ 1955ರ ಡಿಸೆಂಬರ್ 1ರಂದು ಬಂಧಿತರಾದ ಕಥೆ ನಮಗೆ ಗೊತ್ತು. ಆದರೆ ಮರುವಾರದಿಂದ ಸುಮಾರು 40 ಸಾವಿರ ಕಪ್ಪು ಜನ ದಿನವೂ ಕೆಲಸಕ್ಕೆ ಹೋಗಿ ಬಂದದ್ದು ಹೇಗೆ? ಈ ಪ್ರಶ್ನೆಯ ಬೆನ್ನು ಹತ್ತಿ ನೋಡಿ, ಅದು ನೇರವಾಗಿ ಚರ್ಚಿನ ಬಾಗಿಲಿಗೆ ತಂದು ನಿಲ್ಲಿಸುತ್ತದೆ!

ಡಿಸೆಂಬರ್ 5ರ ಸಂಜೆ ಬಸ್ ಬಹಿಷ್ಕಾರದ ಸಭೆಗೆ ಹೋಲ್ಟ್ ಸ್ಟ್ರೀಟ್ ಬ್ಯಾಪ್ಟಿಸ್ಟ್ ಚರ್ಚಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಸಾವಿರಾರು ಜನ ಹೊರಗೆ ನಿಂತು ಧ್ವನಿವರ್ಧಕಕ್ಕೆ ಕಿವಿಗೊಟ್ಟಿದ್ದರು. ಅಂದು ಮಾತಾಡಿದ ಪಾದ್ರಿ ಮಾರ್ಟಿನ್ ಲೂಥರ್ ಕಿಂಗ್‌ಗೆ ಬರೀ 26 ವರ್ಷ! ಚರ್ಚೇ ಯಾಕೆ? ಕಟ್ಟಡ ಕಪ್ಪು ಜನರದೇ, ಪಾದ್ರಿಯ ಸಂಬಳ ಕೊಡುವವರೂ ಅವರೇ. ಬಿಳಿಯ ಧಣಿ ಕೆಲಸದಿಂದ ಕಿತ್ತುಹಾಕಲಾಗದ ಮನುಷ್ಯ ಆ ಊರಲ್ಲಿದ್ದರೆ ಅದು ಪಾದ್ರಿ.

ಜನರನ್ನು ಸಾಗಿಸುವ ದಾರಿ ತೋರಿದವರೂ ಒಬ್ಬ ಪಾದ್ರಿಯೇ. 1953ರಲ್ಲಿ ಬ್ಯಾಟನ್ ರೂಜ್ ಊರಿನ ಪಾದ್ರಿ ಟಿ. ಜೆ. ಜೆಮಿಸನ್ ಇಂಥದ್ದೇ ಬಹಿಷ್ಕಾರ ನಡೆಸಿ, ಜನರನ್ನು ಕಾರುಗಳಲ್ಲಿ ಪುಕ್ಕಟೆ ಸಾಗಿಸಿದ್ದರು. ಕಿಂಗ್ ಫೋನು ಮಾಡಿ ಅವರಿಂದ ಆ ಏರ್ಪಾಟಿನ ಒಳಗುಟ್ಟು ಕೇಳಿ ತಿಳಿದರು. ಸರಿ, ಸುಮಾರು 300 ಕಾರುಗಳು ಬೀದಿಗಿಳಿದವು! ಊರ ತುಂಬ ಹತ್ತುವ ತಾಣ, ಇಳಿಯುವ ತಾಣ ಗೊತ್ತಾದವು. ಆಮೇಲೆ ಚರ್ಚುಗಳು ಉದ್ದನೆಯ ಸ್ಟೇಷನ್ ವ್ಯಾಗನ್‌ಗಳನ್ನೇ ಕೊಂಡವು. ಪಕ್ಕದ ಮೈಮೇಲೆ ಆಯಾ ಚರ್ಚಿನ ಹೆಸರು, ಒಳಗೆ ಮನೆಗೆಲಸಕ್ಕೆ ಹೊರಟ ಹೆಂಗಸರು. ಜನ ಅವನ್ನು ಕರೆದದ್ದೇ 'ಉರುಳುವ ಚರ್ಚು' ಎಂದು! ಸ್ಥಳೀಯವಾಗಿ ವಿಮೆ ಸಿಗದಾದಾಗ ಲಂಡನ್ನಿನ ಲಾಯ್ಡ್ಸ್‌ನಿಂದ ತರಿಸಿದರು.

ಪೆಟ್ರೋಲಿಗೆ ದುಡ್ಡು? ಅದಕ್ಕೆ ಅಡುಗೆಮನೆಗೆ ಬನ್ನಿ. ಜಾರ್ಜಿಯಾ ಗಿಲ್ಮೋರ್ ಎಂಬ ಅಡುಗೆಯಾಕೆ ಬಹಿಷ್ಕಾರಕ್ಕಾಗಿ ಕಿಂಗ್ ಮೇಲೆ ಹೂಡಿದ ಮೊಕದ್ದಮೆಯಲ್ಲಿ ಸಾಕ್ಷಿ ನುಡಿದು ಕೆಲಸ ಕಳೆದುಕೊಂಡರು. ಕೈ ಕಟ್ಟಿ ಕೂರಲಿಲ್ಲ. ಅವರೂ ಅವರ ಜೊತೆಗಾತಿಯರೂ ಕೋಳಿ ಹುರಿದು, ಕೇಕು ಸುಟ್ಟು, ಸಿಹಿಗೆಣಸಿನ ಪೈ ಮಾಡಿ ಮಾರಿದರು. ಕೊಂಡು ತಿಂದವರಲ್ಲಿ ಬಿಳಿಯರೂ ಇದ್ದರು! ಚರ್ಚಿನ ಸಭೆಯಲ್ಲಿ ಗಿಲ್ಮೋರ್ ಎದ್ದು ಬಂದು ಗಳಿಕೆಯನ್ನೆಲ್ಲ ಚಳವಳಿಗೆ ಒಪ್ಪಿಸುತ್ತಿದ್ದರು. ದುಡ್ಡು ಎಲ್ಲಿಂದ ಬಂತು ಎಂದರೆ 'ಎಲ್ಲಿಂದಲೂ ಇಲ್ಲ'. ಗುಂಪಿನ ಹೆಸರೇ 'ಎಲ್ಲಿಂದಲೂ ಬಾರದ ಕ್ಲಬ್ಬು'! ಹೆಸರು ಹೊರಬಿದ್ದರೆ ಎಷ್ಟೋ ಹೆಂಗಸರ ಕೆಲಸಕ್ಕೆ ಸಂಚಕಾರವಿತ್ತು, ಅದಕ್ಕೇ ಈ ಗುಟ್ಟು.

1956ರ ನವೆಂಬರ್ 13. ಕಾರುಗಳ ಏರ್ಪಾಟನ್ನು ನಿಷೇಧಿಸಿ ಎಂದು ನಗರಾಡಳಿತ ಹೂಡಿದ ದಾವೆಯ ವಿಚಾರಣೆ. ಕಿಂಗ್ ಕೋರ್ಟಿನಲ್ಲಿ ಕುಳಿತಿದ್ದಾಗಲೇ ಸುದ್ದಿ ಬಂತು: ಬಸ್ಸಿನ ವರ್ಣಭೇದ ಸಂವಿಧಾನಕ್ಕೆ ವಿರುದ್ಧವೆಂಬ ತೀರ್ಪನ್ನು ಸುಪ್ರೀಂ ಕೋರ್ಟ್ ಎತ್ತಿಹಿಡಿದಿದೆ! ಆದರೂ ಅದೇ ದಿನ ಸ್ಥಳೀಯ ನ್ಯಾಯಾಧೀಶರು ಕಾರುಗಳನ್ನು ನಿಲ್ಲಿಸಿದರು. ಸುಪ್ರೀಂ ಕೋರ್ಟಿನ ಆದೇಶ ಊರು ತಲುಪಲು ಇನ್ನೂ ಐದು ವಾರ ಬೇಕಿತ್ತು.

ಆ ಐದು ವಾರ ಉರುಳುವ ಚರ್ಚುಗಳು ಉರುಳಲಿಲ್ಲ. ಆದರೂ ಜನ ಬಸ್ಸಿನತ್ತ ಸುಳಿಯಲಿಲ್ಲ, ನಡೆದರು. ಅಷ್ಟರಲ್ಲಿ ಚರ್ಚು ಅವರ ಕಾಲಿಗೇ ಇಳಿದಿತ್ತು. ಡಿಸೆಂಬರ್ 21ರ ಬೆಳಗ್ಗೆ ಅವೇ ಕಾಲುಗಳು ಬಸ್ಸಿನ ಮೆಟ್ಟಿಲು ಹತ್ತಿದವು, ಮುಂದಿನ ಸೀಟಿನತ್ತ.