ಬ್ರೊಕೊಲಿ ಸಾಸಿವೆ ಮತ್ತು ಅಮ್ಮನ ಐಎನ್‌ಆರ್

ಹಿಂಜವಡಿಯ ನಮ್ಮ ಆಫೀಸಿನಲ್ಲಿ ಮಧ್ಯಾಹ್ನ ಡಬ್ಬಿ ಬಿಚ್ಚಿದರೆ ಬ್ರೊಕೊಲಿ ಇಲ್ಲದ ಮೇಜಿಲ್ಲ. ಜಿಮ್‌ಗೆ ಹೋಗುವವರು, ಶುಗರ್ ಬಂದವರು, ಮದುವೆಗೆ ಮುಂಚೆ ತೂಕ ಇಳಿಸಬೇಕೆಂದವರು, ಎಲ್ಲರಿಗೂ ಅದೇ ಮದ್ದು. ಅದನ್ನು ತಿಂದರೆ ಕ್ಯಾನ್ಸರ್ ಬರುವುದೇ ಇಲ್ಲ ಎನ್ನುವ ವಾಟ್ಸ್‌ಆ್ಯಪ್ ಸಂದೇಶಗಳು ಬೇರೆ. ಹೂಕೋಸಿಗಿಂತ ಹೆಚ್ಚು ದುಡ್ಡು ಕೊಟ್ಟು ತರುವ ತರಕಾರಿ, ನಿಜಕ್ಕೂ ಏನು ಕೊಡುತ್ತದೆ ಎಂದು ಕೇಳುವ ಹಕ್ಕು ನಮಗಿದೆ.

ಅದೇನೂ ಪೂರ್ತಿ ಅಪರಿಚಿತ ಅಲ್ಲ. ಎಲೆಕೋಸು, ಹೂಕೋಸು, ನವಿಲುಕೋಸು, ಬ್ರೊಕೊಲಿ ಎಲ್ಲವೂ ಒಂದೇ ಸಸ್ಯ ಪ್ರಭೇದ, ಬ್ರಾಸಿಕಾ ಒಲೆರೇಸಿಯ. ಊದಿದ ಕಾಂಡವನ್ನು ಆರಿಸಿ ಬೆಳೆಸಿದವರಿಗೆ ನವಿಲುಕೋಸು ಸಿಕ್ಕಿತು, ಮೊಗ್ಗಿನ ಗೊಂಚಲನ್ನು ಆರಿಸಿದವರಿಗೆ ಬ್ರೊಕೊಲಿ. ನಮ್ಮ ಸಾಸಿವೆಯೂ ಇದೇ ಕುಟುಂಬದ್ದು. ಈ ನೆಂಟಸ್ತನ ಮುಂದೆ ಕೆಲಸಕ್ಕೆ ಬರುತ್ತದೆ.

100 ಗ್ರಾಂ ಹಸಿ ಬ್ರೊಕೊಲಿಯಲ್ಲಿ ಸುಮಾರು 34 ಕ್ಯಾಲೊರಿ, 2.8 ಗ್ರಾಂ ಪ್ರೋಟೀನ್, 2.6 ಗ್ರಾಂ ನಾರು, 89 ಮಿಲಿಗ್ರಾಂ ವಿಟಮಿನ್ ಸಿ ಇದೆ. ಒಳ್ಳೆಯ ಲೆಕ್ಕವೇ. ಆದರೆ ಬರೀ ವಿಟಮಿನ್ ಸಿ ಬೇಕೆಂದರೆ ಸೀಬೆಹಣ್ಣಿನಲ್ಲಿ ಇದರ ಎರಡು ಪಟ್ಟಿದೆ, ಕ್ಯಾಲ್ಸಿಯಂಗೆ ನುಗ್ಗೆಸೊಪ್ಪು ಸಾಕು. ಬ್ರೊಕೊಲಿಗೆ ಹೆಸರು ತಂದದ್ದು ಸಲ್ಫೊರಫೇನ್ ಎಂಬ ಗಂಧಕದ ಸಂಯುಕ್ತ. 1992ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಪಾಲ್ ತಲಾಲೇ ಅವರ ತಂಡ ಇದನ್ನು ಬ್ರೊಕೊಲಿಯಿಂದ ಬೇರ್ಪಡಿಸಿತು. ದೇಹದೊಳಗಿನ ವಿಷಹರ ಕಿಣ್ವಗಳನ್ನು ಇದು ಚುರುಕಾಗಿಸುತ್ತದೆ ಎಂದು ಅವರು ತೋರಿಸಿದರು.

ತಮಾಷೆಯೆಂದರೆ, ಇಡೀ ಹೂವಿನಲ್ಲಿ ಸಲ್ಫೊರಫೇನ್ ಸಿದ್ಧವಾಗಿ ಕೂತಿರುವುದಿಲ್ಲ. ಗ್ಲುಕೊರಫನಿನ್ ಎಂಬ ಕಚ್ಚಾವಸ್ತು ಒಂದು ಕಡೆ, ಮೈರೋಸಿನೇಸ್ ಎಂಬ ಕಿಣ್ವ ಇನ್ನೊಂದು ಕಡೆ ಇರುತ್ತವೆ. ಕತ್ತರಿಸಿದಾಗ, ಅಗಿದಾಗ ಎರಡೂ ಸೇರಿ ಸಲ್ಫೊರಫೇನ್ ಹುಟ್ಟುತ್ತದೆ. ಕುಕ್ಕರಿನಲ್ಲಿ ಎರಡು ಸೀಟಿ ಹೊಡೆಸಿದರೆ ಕಿಣ್ವ ಸತ್ತುಹೋಗುತ್ತದೆ, ನೀರು ಚೆಲ್ಲಿದರೆ ವಿಟಮಿನ್ ಸಿಯೂ ಅದರ ಜೊತೆ ಹೋಗುತ್ತದೆ. ಫ್ರೋಜನ್ ಪ್ಯಾಕೆಟ್ಟಿನದನ್ನು ಮೊದಲೇ ಬಿಸಿನೀರಿಗೆ ಹಾಕಿ ತೆಗೆದಿರುತ್ತಾರೆ, ಅಲ್ಲಿಯೂ ಅದೇ ಕಥೆ. ಹೆಚ್ಚಿ ಅರ್ಧ ಗಂಟೆಗೂ ಮಿಕ್ಕಿ ಬಿಟ್ಟು, ಆಮೇಲೆ ಮೂರು ನಾಲ್ಕು ನಿಮಿಷ ಹಬೆಯಲ್ಲಿ ಬೇಯಿಸುವುದು ಉತ್ತಮ.

ಇನ್ನೊಂದು ದಾರಿ ನಮ್ಮ ಸಾಗರದ ಕಡೆಯ ಅಡುಗೆಮನೆಯಲ್ಲೇ ಇದೆ. ಸಾಸಿವೆಯಲ್ಲಿಯೂ ಮೈರೋಸಿನೇಸ್ ಇದೆ, ಅದು ಬ್ರೊಕೊಲಿಯದಕ್ಕಿಂತ ಗಟ್ಟಿ. ಇಂಗ್ಲೆಂಡಿನ ರೀಡಿಂಗ್ ವಿಶ್ವವಿದ್ಯಾಲಯದವರು 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 12 ಜನರಿಗೆ ಬೇಯಿಸಿದ ಬ್ರೊಕೊಲಿಯ ಜೊತೆ ಒಂದು ಗ್ರಾಂ ಸಾಸಿವೆ ಪುಡಿ ಕೊಟ್ಟಾಗ, ದೇಹಕ್ಕೆ ಸಿಕ್ಕ ಸಲ್ಫೊರಫೇನ್ ನಾಲ್ಕು ಪಟ್ಟಿಗೂ ಹೆಚ್ಚಾಗಿತ್ತು. ಓದಿದ ತಕ್ಷಣ ನನಗೆ ನೆನಪಾದದ್ದು ನಮ್ಮ ಸಾಸಿವೆ ಎಂಬ ಪದಾರ್ಥ. ಅರ್ಧ ಬಟ್ಟಲು ಕಾಯಿತುರಿ, ಒಂದು ಹಸಿಮೆಣಸು, ಅರ್ಧ ಚಮಚ ಹಸಿ ಸಾಸಿವೆ ರುಬ್ಬಿ, ಆರಿದ ಬ್ರೊಕೊಲಿಗೆ ಬೆರೆಸಿ ಮೊಸರು, ಉಪ್ಪು ಹಾಕಿದರೆ ಆಯಿತು. ಕುದಿಸಬಾರದು. ಒಗ್ಗರಣೆಯಲ್ಲಿ ಚಟಪಟ ಸಿಡಿದ ಸಾಸಿವೆ ಈ ಲೆಕ್ಕಕ್ಕೆ ಬರುವುದಿಲ್ಲ, ಅದು ಬರೀ ಘಮಕ್ಕೆ.

ಇಷ್ಟರಿಂದ ಕ್ಯಾನ್ಸರ್ ತಡೆಯಬಹುದೇ? ಕೋಸಿನ ಜಾತಿಯ ತರಕಾರಿ ಹೆಚ್ಚು ತಿನ್ನುವವರಲ್ಲಿ ಕೆಲವು ಕ್ಯಾನ್ಸರ್‌ಗಳು ಕಡಿಮೆ ಎಂದು ಕೆಲವು ಸಮೀಕ್ಷೆಗಳು ಹೇಳಿವೆ. ಆದರೆ ಅಂಥವರು ಸಾಮಾನ್ಯವಾಗಿ ಇತರ ವಿಷಯಗಳಲ್ಲೂ ಶಿಸ್ತಿನವರು. ಬ್ರೊಕೊಲಿಯೇ ಕಾರಣ ಎಂಬುದು ಸಾಬೀತಾಗಿಲ್ಲ. ಥೈರಾಯ್ಡ್ ಇರುವವರು ಮುಟ್ಟಲೇಬಾರದು ಎಂಬ ಮಾತೂ ಅತಿಯಾದದ್ದೇ; ಅಯೋಡಿನ್ ಉಪ್ಪು ತಿನ್ನುವವರಿಗೆ ಬೇಯಿಸಿದ ಬ್ರೊಕೊಲಿ ಊಟದ ಪ್ರಮಾಣದಲ್ಲಿ ಸಾಮಾನ್ಯವಾಗಿ ತೊಂದರೆ ಕೊಡುವುದಿಲ್ಲ. ಹೊಟ್ಟೆಯುಬ್ಬರ ಮಾತ್ರ ನಿಜ.

ನಾನು ಇಷ್ಟೆಲ್ಲ ಕೆದಕಲು ಕಾರಣ ಅಮ್ಮ. ಅವರ ಹೃದಯದ ಮೈಟ್ರಲ್ ಕವಾಟ ಲೋಹದ್ದು. ರಕ್ತ ಹೆಪ್ಪುಗಟ್ಟದಂತೆ ದಿನಾ ವಾರ್ಫರಿನ್ ಮಾತ್ರೆ, ತಿಂಗಳಿಗೊಮ್ಮೆ ಐಎನ್‌ಆರ್ ಪರೀಕ್ಷೆ. ಅವರಿಗೆ ಅದು 2.5ರಿಂದ 3.5ರ ನಡುವೆ ಇರಬೇಕು. ಇಳಿದರೆ ಕವಾಟದ ಮೇಲೆ ರಕ್ತ ಗಟ್ಟಿಯಾಗುವ ಭಯ, ಏರಿದರೆ ರಕ್ತಸ್ರಾವದ ಭಯ. ವಾರ್ಫರಿನ್ ಕೆಲಸ ಮಾಡುವುದೇ ವಿಟಮಿನ್ ಕೆ ವಿರುದ್ಧ. 100 ಗ್ರಾಂ ಬ್ರೊಕೊಲಿಯಲ್ಲಿ ಸುಮಾರು 100 ಮೈಕ್ರೊಗ್ರಾಂ ವಿಟಮಿನ್ ಕೆ ಇದೆ, ಪಾಲಕ್‌ನಲ್ಲಿ ಅದರ ನಾಲ್ಕೈದು ಪಟ್ಟು. ಎರಡು ತಿಂಗಳಿಗೆಂದು ಅವರು ಪುಣೆಗೆ ಬರುವ ಮೊದಲೇ ಡಾಕ್ಟರಿಗೆ ಫೋನ್ ಮಾಡಿ ಕೇಳಿದೆ. ಹಸಿರು ತರಕಾರಿ ಬಿಡಿಸಬೇಡಿ, ಆದರೆ ಒಂದು ವಾರ ರಾಶಿ ಹಾಕಿ ಮುಂದಿನ ವಾರ ಪೂರ್ತಿ ನಿಲ್ಲಿಸಬೇಡಿ, ವಾರ ವಾರಕ್ಕೂ ಒಂದೇ ಅಳತೆ ಇರಲಿ ಎಂದರು. ಊರು ಬದಲಾದರೆ ಊಟ ಬದಲಾಗುತ್ತದೆ, ಹದಿನೈದು ದಿನಕ್ಕೇ ಒಮ್ಮೆ ರಕ್ತ ಕೊಟ್ಟುಬಿಡಿ ಎಂದೂ ಹೇಳಿದರು. ಎಪಿಕ್ಸಬಾನ್‌ನಂಥ ಹೊಸ ಮಾತ್ರೆಗಳಿಗೆ ಈ ಸೊಪ್ಪಿನ ಲೆಕ್ಕ ಬೇಡ, ಆದರೆ ಲೋಹದ ಕವಾಟದವರಿಗೆ ಅವನ್ನು ಕೊಡುವುದಿಲ್ಲ.

ಅಪ್ಪ ಅಮ್ಮನನ್ನು ನಮ್ಮಲ್ಲಿಗೆ ಕರೆಸಿಕೊಳ್ಳುವ ಸಂಭ್ರಮದಲ್ಲಿ ನಾವು ಒಮ್ಮೆಲೇ ಅವರ ತಟ್ಟೆ ಬದಲಿಸಿಬಿಡುತ್ತೇವೆ. ಬೆಳಗ್ಗೆ ಹಸಿರು ಸ್ಮೂದಿ, ರಾತ್ರಿ ಬ್ರೊಕೊಲಿ ಸೂಪು. ನಿಮ್ಮ ಮನೆಯ ಹಿರಿಯರ ಮಾತ್ರೆ ಡಬ್ಬಿಯಲ್ಲಿ ವಾರ್ಫರಿನ್ ಅಥವಾ ಅಸೆನೊಕೂಮರಾಲ್ ಎಂಬ ಹೆಸರಿದ್ದರೆ, ಮಾರ್ಕೆಟ್ಟಿಗೆ ಹೋಗುವ ಮುನ್ನ ಅವರ ಡಾಕ್ಟರಿಗೆ ಒಂದು ಫೋನ್ ಮಾಡಿ.

ನಮ್ಮಲ್ಲಿ ಬುಧವಾರ ಮತ್ತು ಭಾನುವಾರ ಒಂದೊಂದು ಬಟ್ಟಲು ಬ್ರೊಕೊಲಿ ಸಾಸಿವೆ ಎಂದು ಗೊತ್ತುಮಾಡಿದೆವು. ಹದಿನೈದನೇ ದಿನದ ಐಎನ್‌ಆರ್ 2.8 ಬಂತು. ಅಮ್ಮನಿಗೆ ಸಮಾಧಾನ, ಆದರೆ ರುಚಿಯ ವಿಷಯದಲ್ಲಿ ಅವರ ತೀರ್ಪು ಬದಲಾಗಿಲ್ಲ: ಇದಕ್ಕಿಂತ ಸೌತೆಕಾಯಿ ಸಾಸಿವೆಯೇ ವಾಸಿ.